ವೈದ್ಯಶಾಸ್ತ್ರದಲ್ಲಿ ಯಂತ್ರಬುದ್ಧಿ: ಒಬ್ಬ ವಿದುಷಿಯ ಜೀವಿತಕಾರ್ಯ

ನಮ್ಮ ಶಾಲೆಯ ಪೋಷಕರಲ್ಲಿ ಕೆಲವರು ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿರುವರು. ಪತ್ರವನ್ನು ಬರೆಯುವುದಕ್ಕೂ ಲೆಕ್ಕವನ್ನು ಮಾಡುವುದಕ್ಕೂ ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಗೆ ತಿರುಗಿಸುವುದಕ್ಕೂ ಯಂತ್ರಗಳೇ ಬಂದಿರುವಲ್ಲಿ, ನಮ್ಮ ಹೆಣ್ಣುಮಕ್ಕಳು ವ್ಯಾಕರಣ, ಬೀಜಗಣಿತ ಮೊದಲಾದ ಪಾಠಗಳಿಗಾಗಿ ಇಷ್ಟೊಂದು ಶ್ರಮಪಡುವುದೇಕೆ ಎಂಬುದೇ ಆ ಪ್ರಶ್ನೆ. ಇದು ಅಲಕ್ಷ್ಯಮಾಡತಕ್ಕ ಪ್ರಶ್ನೆಯಲ್ಲ. ಮಗಳ ವಿದ್ಯೆಗಾಗಿ ಹಣವನ್ನೂ ವರ್ಷಗಳನ್ನೂ ವೆಚ್ಚಮಾಡುವ ತಂದೆತಾಯಿಗಳು ಇದನ್ನು ಕೇಳುವುದು ನ್ಯಾಯವೇ ಸರಿ. ಇದಕ್ಕೆ ಉಪದೇಶರೂಪವಾಗಿ ಉತ್ತರ ಕೊಡುವುದಕ್ಕಿಂತ, ಭಾಷೆಯನ್ನೂ ಗಣಿತವನ್ನೂ ಚೆನ್ನಾಗಿ ಅಭ್ಯಾಸಮಾಡಿದ ಒಬ್ಬ ಸ್ತ್ರೀಯು ಆ ವಿದ್ಯೆಯಿಂದ ಏನನ್ನು ಸಾಧಿಸಿದರೆಂಬುದನ್ನು ವಿವರಿಸುವುದೇ ಲೇಸೆಂದು ಭಾವಿಸಿ, ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಅದಕ್ಕಾಗಿ ಉಪಯೋಗಿಸಿಕೊಂಡಿರುತ್ತೇವೆ. ಅವರ ಹೆಸರು ರೆಜೀನಾ ಬಾರ್ಜಿಲೈ. ಅವರು ಅಮೇರಿಕಾದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಪ್ರೊಫೆಸರರು. ಯಂತ್ರಬುದ್ಧಿಯನ್ನು ವೈದ್ಯಶಾಸ್ತ್ರದ ಸೇವೆಗೆ ತಂದವರಲ್ಲಿ ಮುಖ್ಯರು.

ಬಾರ್ಜಿಲೈಯವರು ೧೯೭೦ರಲ್ಲಿ ಕಿಷಿನೌ ಎಂಬ ಪಟ್ಟಣದಲ್ಲಿ ಜನಿಸಿದರು. ಈಗ ಮೊಲ್ಡೋವಾ ದೇಶದ ರಾಜಧಾನಿಯಾಗಿರುವ ಆ ಪಟ್ಟಣವು ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದಿತು. ಇಪ್ಪತ್ತು ವರ್ಷ ವಯಸ್ಸಿನಲ್ಲಿ ಅವರು ತಂದೆತಾಯಿಗಳೊಡನೆ ಇಸ್ರಾಯೇಲ್ ದೇಶಕ್ಕೆ ವಲಸೆಹೋದರು. ಹುಟ್ಟಿದ ಊರನ್ನು ಬಿಟ್ಟು, ಬಲದಿಂದ ಎಡಕ್ಕೆ ಓದತಕ್ಕ ಇಬ್ರಿಯ ಲಿಪಿಯ ನಾಡಿನಲ್ಲಿ ನೆಲೆಸಿ, ಅಲ್ಲಿಯ ಬೆನ್ ಗುರಿಯನ್ ವಿಶ್ವವಿದ್ಯಾನಿಲಯದಲ್ಲಿ ಅವರು ವ್ಯಾಸಂಗಮಾಡಿದರು. ಆ ವಿಶ್ವವಿದ್ಯಾನಿಲಯವಿರುವ ಸ್ಥಳವು ಬೇರ್ಷೆಬ. ಅಬ್ರಹಾಮನ ಬಾವಿಯ ಪ್ರಸಂಗದಲ್ಲಿ ನಮ್ಮ ಮಕ್ಕಳು ಸತ್ಯವೇದದ ಪಾಠದಲ್ಲಿ ಕೇಳಿರುವ ಬೇರ್ಷೆಬವೇ ಅದು. ಗಣಿತವನ್ನೂ ಗಣಕಶಾಸ್ತ್ರವನ್ನೂ ಓದಿ ೧೯೯೩ರಲ್ಲಿ ಮೊದಲನೆಯ ಪದವಿಯನ್ನೂ ೧೯೯೮ರಲ್ಲಿ ಎರಡನೆಯ ಪದವಿಯನ್ನೂ ಪಡೆದರು. ಅನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿ, ಕ್ಯಾಥ್ಲೀನ್ ಮೆಕೋನ್ ಎಂಬ ಪ್ರೊಫೆಸರಮ್ಮನವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, ೨೦೦೩ರಲ್ಲಿ ಡಾಕ್ಟರ್ ಪದವಿಯನ್ನು ಹೊಂದಿದರು.

ಅವರು ಆರಿಸಿಕೊಂಡ ವಿಷಯವು ವೈದ್ಯವಲ್ಲ, ಭಾಷೆ. ಮನುಷ್ಯರು ಬರೆದುದನ್ನು ಗಣಕಯಂತ್ರವು ಓದಿ ಅದರ ಸಾರವನ್ನು ಹೇಳುವಂತೆ ಮಾಡುವುದು ಹೇಗೆ ಎಂಬುದು ಅವರ ಸಂಶೋಧನೆಯ ಪ್ರಶ್ನೆ. ಒಂದೇ ದಿನದ ಒಂದೇ ಸುದ್ದಿಯನ್ನು ಹತ್ತು ಪತ್ರಿಕೆಗಳು ಹತ್ತು ಬಗೆಯಾಗಿ ಬರೆಯುತ್ತವೆ. ಒಂದು ಪತ್ರಿಕೆಯು 'ಸೇತುವೆ ಮುರಿಯಿತು' ಎಂದರೆ, ಇನ್ನೊಂದು 'ಸೇತುವೆ ಕುಸಿದುಬಿದ್ದಿತು' ಎನ್ನುತ್ತದೆ. ಎರಡೂ ಒಂದೇ ಸಂಗತಿಯೆಂದು ನಮ್ಮ ಮೂರನೆಯ ತರಗತಿಯ ಮಗುವಿಗೂ ಗೊತ್ತು; ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಎರಡು ವಾಕ್ಯಗಳೂ ಬೇರೆ ಬೇರೆ ಅಕ್ಷರಗಳ ಸಾಲುಗಳು ಮಾತ್ರವೇ. ಮಾತು ಬೇರೆಯಾದರೂ ಅರ್ಥ ಒಂದೇ ಆಗಿರುವುದನ್ನು ಯಂತ್ರಕ್ಕೆ ಕಲಿಸಿ, ಹಲವು ಲೇಖನಗಳಿಂದ ಒಂದು ಸಾರಾಂಶವನ್ನು ಬರೆಯಿಸುವ ಕೆಲಸದಲ್ಲಿ ಬಾರ್ಜಿಲೈಯವರು ನಿಪುಣರಾದರು. ನಾವು ವ್ಯಾಕರಣದ ಪರೀಕ್ಷೆಯಲ್ಲಿ 'ಸಾರಾಂಶವನ್ನು ಬರೆಯಿರಿ' ಎಂದು ಕೇಳಿದಾಗ ಮಕ್ಕಳು ಮುಖ ಸಿಂಡರಿಸುವುದುಂಟು. ಅದೇ ಅಭ್ಯಾಸವು ಒಂದು ದೊಡ್ಡ ಶಾಸ್ತ್ರದ ಬಾಗಿಲಾಗಿರುವುದನ್ನು ಅವರು ನೆನಪಿನಲ್ಲಿಡುವುದು ಒಳ್ಳೆಯದು.

ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷ ಸಂಶೋಧನೆ ಮಾಡಿದ ಮೇಲೆ ಅವರಿಗೆ ಮ್ಯಾಸಚೂಸೆಟ್ಸಿನಲ್ಲಿ ಉಪಾಧ್ಯಾಯಪದವಿ ದೊರೆಯಿತು. ಅಲ್ಲಿ ೨೦೧೦ರಲ್ಲಿ ಅವರೂ ಬೆಂಜಮಿನ್ ಸ್ನೈಡರ್, ಕೆವಿನ್ ನೈಟ್ ಎಂಬ ಇಬ್ಬರು ಪಂಡಿತರೂ ಸೇರಿ ಮಾಡಿದ ಒಂದು ಕೆಲಸವು ಸತ್ಯವೇದವನ್ನು ಓದುವವರಿಗೆ ವಿಶೇಷವಾಗಿ ರುಚಿಸತಕ್ಕದ್ದು. ೧೯೨೮ರಲ್ಲಿ ಸಿರಿಯಾ ದೇಶದ ಕರಾವಳಿಯಲ್ಲಿ ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಪುರಾತನ ಸಮಾಧಿಯ ಕಲ್ಲೊಂದು ತಗುಲಿತು. ಮರುವರ್ಷ ಅಲ್ಲಿಗೆ ಸಮೀಪದಲ್ಲಿ ಅಗೆದಾಗ ಉಗಾರಿತ್ ಎಂಬ ಹಾಳುಬಿದ್ದ ಪಟ್ಟಣವೂ, ಅದರ ಜನರು ಮಣ್ಣಿನ ಹಲಗೆಗಳ ಮೇಲೆ ಬರೆದ ಬರಹಗಳೂ ಸಿಕ್ಕಿದುವು. ಹಳೆಯ ಒಡಂಬಡಿಕೆಯ ಇಬ್ರಿಯ ಭಾಷೆಗೆ ಹತ್ತಿರದ ಆ ನುಡಿಯನ್ನು ವಿದ್ವಾಂಸರು ಕೆಲವು ವರ್ಷಗಳೊಳಗೆ ಓದಿದರು. ಬಾರ್ಜಿಲೈಯವರ ಸಂಗಡಿಗರು ಅದೇ ಬರಹವನ್ನು, ಅದರ ಅರ್ಥವನ್ನು ತಿಳಿಸದೆ, ಇಬ್ರಿಯಕ್ಕೆ ಅದು ಸಂಬಂಧಪಟ್ಟ ಭಾಷೆಯೆಂಬುದನ್ನು ಮಾತ್ರ ಆಧಾರವಾಗಿಟ್ಟು ಯಂತ್ರದ ಮುಂದಿಟ್ಟರು. ಯಂತ್ರವು ಮೂವತ್ತು ಅಕ್ಷರಗಳಲ್ಲಿ ಇಪ್ಪತ್ತೊಂಬತ್ತನ್ನು ಅವುಗಳಿಗೆ ಸಮನಾದ ಇಬ್ರಿಯ ಅಕ್ಷರಗಳೊಡನೆ ಸರಿಯಾಗಿ ಹೊಂದಿಸಿತು. ಇಬ್ರಿಯದಲ್ಲಿ ಸಜಾತಿಯುಳ್ಳ ಪದಗಳಲ್ಲಿ ಶೇಕಡಾ ೬೦ರಷ್ಟನ್ನು ಗುರುತಿಸಿತು. ವಿದ್ವಾಂಸರು ಮೊದಲೇ ಸರಿಯುತ್ತರವನ್ನು ಕಂಡುಕೊಂಡಿದ್ದುದರಿಂದ ಯಂತ್ರದ ಉತ್ತರವನ್ನು ತಿದ್ದಿನೋಡುವುದು ಸಾಧ್ಯವಾಯಿತು. ಈ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು; ಮುಂದೆ ಇದೇ ನಮಗೆ ಬೇಕಾಗುವುದು.

ಹೀಗೆ ಕೀರ್ತಿಯೂ ಕೆಲಸವೂ ಬೆಳೆಯುತ್ತಿರಲಾಗಿ, ೨೦೧೪ರಲ್ಲಿ, ನಾಲ್ವತ್ತನಾಲ್ಕು ವರ್ಷ ತುಂಬುವುದರೊಳಗೆ, ಬಾರ್ಜಿಲೈಯವರಿಗೆ ಸ್ತನದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ರೋಗಿಯಾಗಿ ಅಲ್ಲಿಗೆ ಹೋದ ಆ ವಿದುಷಿಯು, ರೋಗಿಗಳೆಲ್ಲರೂ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ನನ್ನ ವಯಸ್ಸಿನವರು, ನನ್ನ ಬಗೆಯ ಗಡ್ಡೆಯುಳ್ಳವರು ಈ ಮೊದಲು ಎಷ್ಟು ಮಂದಿ ಬಂದಿದ್ದರು? ಅವರಿಗೆ ಯಾವ ಚಿಕಿತ್ಸೆಯಿಂದ ಏನಾಯಿತು? ಇದನ್ನು ಇನ್ನೂ ಮೊದಲೇ ಕಂಡುಹಿಡಿಯುವುದಕ್ಕಾಗುತ್ತಿರಲಿಲ್ಲವೇ? ಇವುಗಳಿಗೆ ನಿಷ್ಕೃಷ್ಟವಾದ ಉತ್ತರ ದೊರೆಯಲಿಲ್ಲ. ವೈದ್ಯರಲ್ಲಿ ಜ್ಞಾನಕ್ಕಾಗಲಿ ಕರುಣೆಗಾಗಲಿ ಕೊರತೆಯಿತ್ತೆಂದಲ್ಲ. ಅಮೇರಿಕಾದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ನಿರ್ಣಯಗಳೆಲ್ಲವೂ ಔಷಧಪ್ರಯೋಗಗಳಲ್ಲಿ ಸೇರಿದ ಶೇಕಡಾ ಮೂರರಷ್ಟು ರೋಗಿಗಳ ಅನುಭವವನ್ನು ಅವಲಂಬಿಸಿವೆ, ಮಿಕ್ಕ ತೊಂಬತ್ತೇಳು ಮಂದಿಯ ಅನುಭವವು ಯಾರಿಗೂ ಉಪಯೋಗವಾಗದೆ ಹೋಗುತ್ತದೆ, ಎಂದು ಅವರು ಅಂದಿನಿಂದಲೂ ಹೇಳುತ್ತಾ ಬಂದಿರುವರು. ಆ ಅನುಭವವೆಲ್ಲ ಆಸ್ಪತ್ರೆಯ ಕಡತಗಳಲ್ಲಿ ಬರಹವಾಗಿ ಬಿದ್ದಿದ್ದಿತು. ಓದುವವರು ಮಾತ್ರ ಇರಲಿಲ್ಲ.

ಬರಹವನ್ನು ಓದುವಂತೆ ಯಂತ್ರಕ್ಕೆ ಕಲಿಸುವುದೇ ಅವರ ಜೀವಮಾನದ ಕೆಲಸವಾಗಿದ್ದಿತಷ್ಟೆ! ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಅವರು ಆ ಆಸ್ಪತ್ರೆಯ ವೈದ್ಯರನ್ನು ಕೂಡಿಕೊಂಡು ಪೆಥಾಲಜಿ ವರದಿಗಳಿಂದ ಆರಂಭಿಸಿದರು. ದೇಹದಿಂದ ತೆಗೆದ ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವೈದ್ಯರು ಬರೆಯುವ ವರದಿಗೆ ಈ ಹೆಸರು. ಒಬ್ಬೊಬ್ಬ ವೈದ್ಯರು ಒಂದೊಂದು ಶೈಲಿಯಲ್ಲಿ ಬರೆಯುತ್ತಾರೆ. 'ಕ್ಯಾನ್ಸರ್ ಇದೆ', 'ಕ್ಯಾನ್ಸರ್ ಕಾಣುವುದಿಲ್ಲ', 'ಇಲ್ಲವೆನ್ನಲಾಗದು' ಎಂಬೀ ಮಾತುಗಳ ಭೇದವನ್ನು ಯಂತ್ರವು ತಪ್ಪದೆ ತಿಳಿಯಬೇಕು. ಅವರ ತಂಡವು ಕಟ್ಟಿದ ಯಂತ್ರಕ್ರಮವು ತೊಂಬತ್ತು ಸಾವಿರಕ್ಕೂ ಹೆಚ್ಚಿನ ಇಂಥ ವರದಿಗಳನ್ನು ಓದಿ, ಅವುಗಳಲ್ಲಿಯ ಸಂಗತಿಗಳನ್ನು ಪಟ್ಟಿಯಾಗಿ ಬಿಡಿಸಿಟ್ಟಿತು. ಪತ್ರಿಕೆಗಳ ಸಾರಾಂಶಕ್ಕಾಗಿ ಕಲಿತ ವಿದ್ಯೆಯು ಹೀಗೆ ರೋಗಿಗಳ ದಾಖಲೆಗಳಿಗೆ ಒದಗಿಬಂದಿತು.

ಮುಂದಿನ ಹೆಜ್ಜೆಯು ಬರಹದಿಂದ ಚಿತ್ರಕ್ಕೆ. ಮ್ಯಾಮೊಗ್ರಾಮ್ ಎಂಬುದು ಸ್ತನದ ಎಕ್ಸ್‌ರೇ ಚಿತ್ರ. ರೋಗವಿಲ್ಲದೆ ಆರೋಗ್ಯವಾಗಿರುವ ಸ್ತ್ರೀಯರೂ ನಿಯತಕಾಲಕ್ಕೆ ಇದನ್ನು ತೆಗೆಯಿಸಿಕೊಳ್ಳುವ ಪದ್ಧತಿಯು ಆ ದೇಶದಲ್ಲಿರುವುದರಿಂದ, ಆಸ್ಪತ್ರೆಗಳಲ್ಲಿ ಲಕ್ಷಾಂತರ ಚಿತ್ರಗಳು ಶೇಖರವಾಗಿದ್ದುವು. ಮಾತ್ರವಲ್ಲ, ಚಿತ್ರ ತೆಗೆದ ಮೇಲೆ ಐದು ವರ್ಷಗಳಲ್ಲಿ ಆ ಸ್ತ್ರೀಗೆ ಕ್ಯಾನ್ಸರ್ ಬಂದಿತೇ ಇಲ್ಲವೇ ಎಂಬುದೂ ದಾಖಲೆಯಲ್ಲಿದ್ದಿತು. ಅಂದರೆ ಪ್ರಶ್ನೆಯೂ ಇದ್ದಿತು, ಸರಿಯುತ್ತರವೂ ಇದ್ದಿತು. ಉಗಾರಿತಿನ ಬರಹದಂತೆ ಇಲ್ಲಿಯೂ ಯಂತ್ರದ ಉತ್ತರವನ್ನು ತಿದ್ದಿನೋಡುವುದು ಸಾಧ್ಯವಿದ್ದಿತು.

ಯಂತ್ರವು ಕಲಿಯುವುದೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಒಂದನೆಯ ತರಗತಿಯಲ್ಲಿ 'ಈ ಗೆರೆ ಹೀಗೆ ಬಾಗಿದರೆ ಪ, ಹೊಟ್ಟೆ ಸೀಳಿದರೆ ಷ' ಎಂದು ನಿಯಮವನ್ನು ಹೇಳಿಕೊಡುತ್ತೇವೆ. ಈ ಯಂತ್ರಗಳಿಗೆ ಅಂಥ ನಿಯಮವನ್ನು ಯಾರೂ ಹೇಳುವುದಿಲ್ಲ. ಚಿತ್ರವನ್ನು ತೋರಿಸಿ ಉತ್ತರವನ್ನು ಕೇಳುತ್ತಾರೆ. ಅದು ಮೊದಲು ಮನಬಂದಂತೆ ಒಂದು ಸಂಖ್ಯೆಯನ್ನು ಹೇಳುತ್ತದೆ. ತಪ್ಪಾದರೆ, ಎಷ್ಟು ತಪ್ಪಾಯಿತೆಂಬುದನ್ನು ಲೆಕ್ಕಹಾಕಿ, ಒಳಗಿನ ಲಕ್ಷಾಂತರ ಅಂಕಿಗಳನ್ನು ಅಷ್ಟಷ್ಟು ಸರಿಪಡಿಸುತ್ತಾರೆ. ಮತ್ತೆ ಇನ್ನೊಂದು ಚಿತ್ರ, ಮತ್ತೆ ತಿದ್ದುಪಡಿ. ಹೀಗೆ ಸಾವಿರಾರು ಚಿತ್ರಗಳಾದ ಮೇಲೆ, ಯಾವ ಛಾಯೆಗೂ ರೋಗಕ್ಕೂ ಸಂಬಂಧವುಂಟೆಂಬುದು ಆ ಅಂಕಿಗಳಲ್ಲಿ ನೆಲೆಗೊಳ್ಳುತ್ತದೆ. ಈ ತಿದ್ದುಪಡಿಯ ಲೆಕ್ಕವೆಲ್ಲವೂ ಬೀಜಗಣಿತ ಮತ್ತು ಕಲನಶಾಸ್ತ್ರ. ಬೇರೆ ಯಾವ ಮಾಯೆಯೂ ಅಲ್ಲ. ಕಲಿತಾದ ಮೇಲೆ, ಎಂದೂ ನೋಡದ ಚಿತ್ರಗಳನ್ನು ತೋರಿಸಿ ಪರೀಕ್ಷೆ ಮಾಡುತ್ತಾರೆ. ಪಾಠದಲ್ಲಿ ಬಂದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಉರುಹೊಡೆದವಳಿಗೂ ತಿಳಿದವಳಿಗೂ ಭೇದ ಕಾಣುವುದಿಲ್ಲವೆಂಬುದು ಉಪಾಧ್ಯಾಯಿನಿಯರೆಲ್ಲರಿಗೂ ಗೊತ್ತಿರುವ ವಿಷಯವೇ.

ಮೊದಲು ಅವರು ಸ್ತನದ ಸಾಂದ್ರತೆಯನ್ನು ಗುರುತಿಸುವ ಯಂತ್ರಕ್ರಮವನ್ನು ಸಿದ್ಧಪಡಿಸಿದರು. ಸಾಂದ್ರವಾದ ಭಾಗವು ಎಕ್ಸ್‌ರೇ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ; ಗಡ್ಡೆಯೂ ಬೆಳ್ಳಗೆ ಕಾಣುವುದರಿಂದ ಒಂದರ ಹಿಂದೆ ಇನ್ನೊಂದು ಅಡಗುವುದುಂಟು. ಎಷ್ಟು ಸಾಂದ್ರವೆಂಬ ವಿಷಯದಲ್ಲಿ ವೈದ್ಯರಲ್ಲಿಯೇ ಅಭಿಪ್ರಾಯಭೇದವಿರುತ್ತದೆ. ೨೦೧೮ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ದಿನನಿತ್ಯದ ಕೆಲಸದಲ್ಲಿ ಈ ಯಂತ್ರವು ಕೊಟ್ಟ ೧೦,೭೬೩ ಅಭಿಪ್ರಾಯಗಳಲ್ಲಿ ಶೇಕಡಾ ೯೪ನ್ನು ತಜ್ಞರು ಒಪ್ಪಿಕೊಂಡರು. ಈ ಕೆಲಸಗಳಲ್ಲಿ ಆ ಆಸ್ಪತ್ರೆಯ ಡಾಕ್ಟರ್ ಕಾನ್‌ಸ್ಟನ್ಸ್ ಲೇಮನ್ ಎಂಬ ಮಹಿಳೆಯೂ, ಆಡಮ್ ಯಾಲಾ ಎಂಬ ತರುಣ ಶಿಷ್ಯರೂ ಬಾರ್ಜಿಲೈಯವರೊಡನೆ ದುಡಿದರು.

ಇದಕ್ಕಿಂತ ಕಠಿನವಾದುದು ಮುಂದಾಗುವುದನ್ನು ಹೇಳುವ ಕೆಲಸ. ಯಾವ ಸ್ತ್ರೀಗೆ ಅಪಾಯ ಹೆಚ್ಚು ಎಂಬುದನ್ನು ತಿಳಿಯಲು ವೈದ್ಯರು ವಯಸ್ಸು, ಋತುಮತಿಯಾದ ಕಾಲ, ಹೆರಿಗೆ, ಕುಟುಂಬದಲ್ಲಿ ಯಾರಿಗಾದರೂ ರೋಗವಿತ್ತೇ ಎಂಬೀ ಪ್ರಶ್ನೆಗಳನ್ನು ಕೇಳಿ ಲೆಕ್ಕಹಾಕುವ ಒಂದು ಕ್ರಮವುಂಟು. ಅದನ್ನು ರೂಪಿಸಿದವರ ಹೆಸರಿನಿಂದ ಟೈರರ್–ಕ್ಯೂಜಿಕ್ ಕ್ರಮವೆನ್ನುತ್ತಾರೆ. ಆದರೆ ಕ್ಯಾನ್ಸರ್ ಬಂದವರಲ್ಲಿ ಅನೇಕರ ಕುಟುಂಬದಲ್ಲಿ ಅದು ಯಾರಿಗೂ ಇರುವುದಿಲ್ಲ. ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಬಾರ್ಜಿಲೈಯವರ ತಂಡವು ೩೯,೫೭೧ ಸ್ತ್ರೀಯರ ೮೮,೯೯೪ ಚಿತ್ರಗಳನ್ನು ಉಪಯೋಗಿಸಿತು. ಯಂತ್ರದ ಎಣಿಕೆಯಂತೆ ಅತಿ ಹೆಚ್ಚು ಅಪಾಯವುಳ್ಳ ಹತ್ತನೆಯ ಒಂದು ಪಾಲನ್ನು ಬೇರ್ಪಡಿಸಿದಾಗ, ಮುಂದೆ ಕ್ಯಾನ್ಸರ್ ಬಂದವರಲ್ಲಿ ಶೇಕಡಾ ೩೧ ಮಂದಿ ಅದರಲ್ಲಿಯೇ ಸೇರಿದ್ದರು. ಹಳೆಯ ಕ್ರಮದಿಂದ ಬೇರ್ಪಡಿಸಿದ ಪಾಲಿನಲ್ಲಿ ಶೇಕಡಾ ೧೮ ಮಂದಿ ಮಾತ್ರವೇ ಇದ್ದರು. ಬಿಳಿಯ ಸ್ತ್ರೀಯರ ಅಂಕಿಗಳಿಂದಲೇ ಬೆಳೆದ ಹಳೆಯ ಕ್ರಮವು ಕರಿಯ ಸ್ತ್ರೀಯರ ವಿಷಯದಲ್ಲಿ ಎಡವುತ್ತಿದ್ದಿತು. ಹೊಸ ಯಂತ್ರವು ಇಬ್ಬರಿಗೂ ಸಮನಾಗಿ ಕೆಲಸಮಾಡಿತು.

೨೦೨೧ರಲ್ಲಿ ಇದರ ಸುಧಾರಿತ ರೂಪವು ಹೊರಬಂದಿತು. ಅದಕ್ಕೆ ಮಿರಾಯ್ ಎಂದು ಹೆಸರಿಟ್ಟರು; ಜಪಾನೀ ಭಾಷೆಯಲ್ಲಿ ಈ ಪದಕ್ಕೆ ಭವಿಷ್ಯತ್ತು ಎಂದರ್ಥ. ಇದನ್ನು ಕಟ್ಟುವಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಚಿತ್ರ ತೆಗೆಯುವ ಎಕ್ಸ್‌ರೇ ಉಪಕರಣಗಳು ಹಲವು ಬಗೆಯವು. ಒಂದೊಂದರ ಚಿತ್ರದಲ್ಲಿ ಒಂದೊಂದು ಸೂಕ್ಷ್ಮವಾದ ಗುರುತಿರುತ್ತದೆ. ಯಂತ್ರವು ರೋಗದ ಗುರುತನ್ನು ಬಿಟ್ಟು ಉಪಕರಣದ ಗುರುತನ್ನೇ ಹಿಡಿದುಕೊಳ್ಳುವ ಅಪಾಯವುಂಟು. ಪಾಠವನ್ನೋದದೆ, ಉಪಾಧ್ಯಾಯಿನಿಯ ಮುಖವನ್ನು ನೋಡಿಯೇ ಉತ್ತರವನ್ನು ಊಹಿಸುವ ಜಾಣ ಹುಡುಗಿಯನ್ನು ನಾವೆಲ್ಲರೂ ಕಂಡಿರುತ್ತೇವೆ. ಪರೀಕ್ಷಕರು ಬದಲಾದರೆ ಅವಳ ಜಾಣತನ ನಡೆಯುವುದಿಲ್ಲ. ಆದುದರಿಂದ, ಯಾವ ಉಪಕರಣದಲ್ಲಿ ತೆಗೆದ ಚಿತ್ರವೆಂಬುದನ್ನು ಯಂತ್ರವು ಗುರುತಿಸದಂತೆ ಮಾಡುವುದನ್ನೂ ಅದರ ಶಿಕ್ಷಣದಲ್ಲಿಯೇ ಸೇರಿಸಿದರು. ಕುಟುಂಬದ ವಿವರ ಮೊದಲಾದವು ದೊರೆಯದಿದ್ದಲ್ಲಿ ಚಿತ್ರದಿಂದಲೇ ಅಂದಾಜುಮಾಡುವಂತೆಯೂ ಕಲಿಸಿದರು. ಪರೀಕ್ಷೆಯಲ್ಲಿ, ಐದು ವರ್ಷಗಳೊಳಗೆ ಕ್ಯಾನ್ಸರ್ ಬಂದ ಸ್ತ್ರೀಯರಲ್ಲಿ ಶೇಕಡಾ ೪೧.೫ ಮಂದಿಯನ್ನು ಮಿರಾಯ್ ಮುಂಚಿತವಾಗಿಯೇ ಹೆಚ್ಚಿನ ಅಪಾಯವುಳ್ಳವರೆಂದು ಗುರುತಿಸಿದ್ದಿತು. ಟೈರರ್–ಕ್ಯೂಜಿಕ್ ಕ್ರಮವು ಗುರುತಿಸಿದ್ದುದು ಶೇಕಡಾ ೨೨.೯ನ್ನು.

೨೦೨೨ರಲ್ಲಿ ಏಳು ಆಸ್ಪತ್ರೆಗಳ ಚಿತ್ರಗಳಿಂದ ಇದರ ಪರೀಕ್ಷೆ ಪ್ರಕಟವಾಯಿತು. ಅಮೇರಿಕಾದ ಮೂರು, ಇಸ್ರಾಯೇಲ್, ಸ್ವೀಡನ್, ತೈವಾನ್, ಬ್ರೆಜಿಲ್ ದೇಶಗಳ ಒಂದೊಂದು, ಹೀಗೆ ಏಳು; ಒಟ್ಟು ೬೨,೧೮೫ ಸ್ತ್ರೀಯರು, ೧,೨೮,೭೯೩ ಚಿತ್ರಗಳು. ಫಲವನ್ನು ಅಳೆಯುವ ಅಂಕವು ಈ ಏಳರಲ್ಲಿ ೦.೭೫ ರಿಂದ ೦.೮೪ ರ ವರೆಗೆ ಬಂದಿತು. ಇದರ ಅರ್ಥವಿಷ್ಟೇ: ಇಬ್ಬರು ಸ್ತ್ರೀಯರಲ್ಲಿ ಯಾರಿಗೆ ಮೊದಲು ರೋಗ ಬರುವುದೆಂದು ಕೇಳಿದರೆ, ಇಂಥ ನೂರು ಜೋಡಿಗಳಲ್ಲಿ ಎಪ್ಪತ್ತೈದರಿಂದ ಎಂಬತ್ತನಾಲ್ಕರ ವರೆಗೆ ಯಂತ್ರದ ಉತ್ತರವು ಸರಿಯಾಗುತ್ತದೆ. ನಾಣ್ಯವನ್ನು ಚಿಮ್ಮಿ ಹೇಳಿದ್ದರೆ ಐವತ್ತು ಸರಿಯಾಗುತ್ತಿದ್ದುವು. ಇದು ದೊಡ್ಡ ಸಹಾಯವೇ ಸರಿ, ಆದರೆ ಸರ್ವಜ್ಞತ್ವವಲ್ಲ. ಮುಂದೆ ರೋಗ ಬಂದ ನೂರು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಮಿರಾಯ್ ಕೂಡ ಮುಂಚೆ ಎತ್ತಿ ತೋರಿಸಲಿಲ್ಲವೆಂಬುದನ್ನು ಮೇಲಿನ ಅಂಕಿಯಿಂದಲೇ ಓದುಗರು ತಿಳಿದುಕೊಳ್ಳಬಹುದು. ಅಂತೆಯೇ, ಹೆಚ್ಚಿನ ಅಪಾಯವೆಂದ ಮಾತ್ರಕ್ಕೆ ರೋಗ ಬಂದೇ ಬರುವುದೆಂದೂ ಅಲ್ಲ. ಯಾರನ್ನು ಬೇಗ ಬೇಗ ಪರೀಕ್ಷಿಸಬೇಕು, ಯಾರು ನಿಶ್ಚಿಂತೆಯಿಂದ ಹೆಚ್ಚು ಕಾಲ ತಡೆಯಬಹುದು ಎಂಬ ನಿರ್ಣಯಕ್ಕೆ ಇದು ನೆರವು. ನಿರ್ಣಯವು ವೈದ್ಯರದು ಮತ್ತು ಆ ಸ್ತ್ರೀಯದು.

ಬಾರ್ಜಿಲೈಯವರ ಇನ್ನೊಂದು ಕೆಲಸವು ಔಷಧಗಳಿಗೆ ಸಂಬಂಧಿಸಿದ್ದು. ರೋಗಾಣುಗಳು ನಮ್ಮ ಹಳೆಯ ಆ್ಯಂಟಿಬಯಾಟಿಕ್ ಔಷಧಗಳಿಗೆ ಜಗ್ಗದಂತಾಗುತ್ತಿರುವುದು ಲೋಕಕ್ಕೆಲ್ಲ ಒದಗಿರುವ ವಿಪತ್ತು. ಜೇಮ್ಸ್ ಕಾಲಿನ್ಸ್, ಜೊನಾಥನ್ ಸ್ಟೋಕ್ಸ್ ಮೊದಲಾದವರೊಡನೆ ಅವರು ೨,೩೩೫ ರಾಸಾಯನಿಕ ವಸ್ತುಗಳನ್ನು ಯಂತ್ರಕ್ಕೆ ತೋರಿಸಿ, ಯಾವುದು ಇ ಕೋಲೈ ಎಂಬ ರೋಗಾಣುವಿನ ಬೆಳವಣಿಗೆಯನ್ನು ತಡೆಯಿತು, ಯಾವುದು ತಡೆಯಲಿಲ್ಲ ಎಂಬುದನ್ನು ಕಲಿಸಿದರು. ಅನಂತರ ಸುಮಾರು ಆರು ಸಾವಿರ ಬೇರೆ ವಸ್ತುಗಳನ್ನು ಅದರ ಮುಂದಿಡಲು, ಮೊದಲು ಮಧುಮೇಹದ ಔಷಧವಾಗಬಹುದೆಂದು ಪರಿಶೀಲಿಸಿ ಬದಿಗಿಟ್ಟಿದ್ದ ಒಂದು ವಸ್ತುವನ್ನು ಯಂತ್ರವು ಆರಿಸಿತು. ತಿಳಿದ ಔಷಧಗಳಾವುವಕ್ಕೂ ಬಗ್ಗದ ರೋಗಾಣುವು ತಗುಲಿದ್ದ ಇಲಿಗಳಿಗೆ ಅದನ್ನು ಲೇಪಿಸಿದಾಗ ಒಂದೇ ದಿನದಲ್ಲಿ ಸೋಂಕು ಹೋಯಿತು. ಪ್ರಯೋಗಶಾಲೆಯಲ್ಲಿ ಕ್ಷಯದ ರೋಗಾಣುವನ್ನೂ ಅದು ಕೊಂದಿತು. ೨೦೨೦ರಲ್ಲಿ ಪ್ರಕಟವಾದ ಈ ವಸ್ತುವಿಗೆ ಹ್ಯಾಲಿಸಿನ್ ಎಂದು ಹೆಸರು. ಇದು ಇನ್ನೂ ಮನುಷ್ಯರಿಗೆ ಕೊಡತಕ್ಕ ಔಷಧವಾಗಿಲ್ಲ. ಪ್ರಯೋಗಶಾಲೆಯಿಂದ ಔಷಧಾಲಯಕ್ಕಿರುವ ದಾರಿ ಬಹಳ ಉದ್ದವಾದುದು. ಆದರೂ, ಯಾರೂ ನೋಡದೆ ಬಿಟ್ಟಿದ್ದೆಡೆಯಲ್ಲಿ ಹುಡುಕುವುದಕ್ಕೆ ಯಂತ್ರವು ಉಪಯೋಗವಾಗುವುದೆಂಬುದು ಇದರಿಂದ ಸ್ಪಷ್ಟವಾಯಿತು. ೨೦೨೩ರಲ್ಲಿ, ಎದೆಯ ಸಿ. ಟಿ. ಚಿತ್ರವೊಂದರಿಂದಲೇ ಮುಂದಿನ ಆರು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವವೆಷ್ಟೆಂದು ಹೇಳುವ ಸಿಬಿಲ್ ಎಂಬ ಯಂತ್ರಕ್ರಮವೂ ಇದೇ ಬಳಗದಿಂದ ಪ್ರಕಟವಾಯಿತು.

ಈ ಸೇವೆಗೆ ಮನ್ನಣೆಯೂ ದೊರೆತಿದೆ. ೨೦೧೭ರಲ್ಲಿ ಮ್ಯಾಕಾರ್ಥರ್ ಪುರಸ್ಕಾರವು ಬಂದಿತು. ೨೦೧೮ರಲ್ಲಿ ಅವರ ವಿದ್ಯಾಸಂಸ್ಥೆಯಲ್ಲಿ ಜಮೀಲ್ ಕ್ಲಿನಿಕ್ ಎಂಬ ಆರೋಗ್ಯ ಸಂಶೋಧನಾಲಯವು ಸ್ಥಾಪಿತವಾದಾಗ ಯಂತ್ರಬುದ್ಧಿಯ ಶಾಖೆಯ ಮುಂದಾಳುತನವು ಅವರಿಗೆ ಬಂದಿತು. ಯಂತ್ರಬುದ್ಧಿಯ ವಿದ್ವಾಂಸರ ಅಮೇರಿಕಾದ ಸಂಘವು ಮನುಕುಲದ ಹಿತಕ್ಕಾಗಿ ದುಡಿದವರಿಗೆಂದು ಏರ್ಪಡಿಸಿದ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ೨೦೨೦ರಲ್ಲಿ ಮೊಟ್ಟಮೊದಲು ಪಡೆದವರು ಅವರೇ. ೨೦೨೩ರಲ್ಲಿ ಅಮೇರಿಕಾದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಸದಸ್ಯರಾಗಿ ಚುನಾಯಿತರಾದರು.

ಇನ್ನು ನಮ್ಮ ನಾಡಿನ ಮಾತು. ಮೇಲೆ ಹೇಳಿದ ಏಳು ಆಸ್ಪತ್ರೆಗಳಲ್ಲಿ ಭಾರತದ್ದು ಒಂದೂ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಯಂತ್ರವು ತಾನು ಕಂಡವರಿಂದ ಕಲಿಯುತ್ತದೆ. ಕಾಣದವರ ವಿಷಯದಲ್ಲಿ ಅದರ ಮಾತನ್ನು ಪರೀಕ್ಷಿಸಿಯೇ ನಂಬಬೇಕು. ಬಿಳಿಯರ ಅಂಕಿಗಳಿಂದ ಬೆಳೆದ ಕ್ರಮವು ಕರಿಯ ಸ್ತ್ರೀಯರಲ್ಲಿ ಎಡವಿದ ಸಂಗತಿಯು ನಮಗೂ ಎಚ್ಚರಿಕೆಯೇ. ದಾಖಲೆಯಿಡುವ ಕೆಲಸವು ನಮ್ಮಲ್ಲಿ ನಡೆದಿಲ್ಲವೆಂದಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ ೧೯೮೨ರಿಂದಲೂ ನಗರದ ಕ್ಯಾನ್ಸರ್ ರೋಗಿಗಳ ಗಣನೆಯು ನಡೆದುಬಂದಿದೆ. ಆದರೆ ನಮ್ಮ ಸ್ತ್ರೀಯರಲ್ಲಿ ಬಹುಮಂದಿ ಎಂದೂ ಮ್ಯಾಮೊಗ್ರಾಮ್ ತೆಗೆಯಿಸಿಕೊಂಡವರಲ್ಲ. ಚಿತ್ರವೇ ಇಲ್ಲದಿದ್ದರೆ ಯಾವ ಯಂತ್ರವು ಏನನ್ನು ಓದೀತು?

ಹಾಗೆಂದು ನಿರಾಶರಾಗಬೇಕಾಗಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಲ್ಲಿ ಆರಂಭಿಸಿ ೧,೫೧,೫೩೮ ಸ್ತ್ರೀಯರಲ್ಲಿ ಒಂದು ದೀರ್ಘವಾದ ಪರೀಕ್ಷೆಯನ್ನು ನಡೆಸಿದರು. ಯಾವ ದುಬಾರಿ ಯಂತ್ರವೂ ಇಲ್ಲದೆ, ತರಬೇತು ಹೊಂದಿದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನವನ್ನು ಪರೀಕ್ಷಿಸಿದರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಪರೀಕ್ಷಿಸಿದವರಲ್ಲಿ ರೋಗವು ಇನ್ನೂ ಚಿಕ್ಕದಾಗಿರುವಾಗಲೇ ಕಂಡುಬಂದಿತು. ಐವತ್ತು ವರ್ಷಕ್ಕೆ ಮೇಲ್ಪಟ್ಟವರಲ್ಲಿ ಸ್ತನದ ಕ್ಯಾನ್ಸರಿನ ಮರಣಗಳು ಶೇಕಡಾ ಮೂವತ್ತರಷ್ಟು ಕಡಮೆಯಾದುವು. ಐವತ್ತಕ್ಕೆ ಕೆಳಗಿನವರಲ್ಲಿ ಅಂಥ ಇಳಿತವು ಕಾಣಲಿಲ್ಲವೆಂಬುದನ್ನೂ ಹೇಳಬೇಕು. ೨೦೧೬ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಸೂಚನೆಗಳಲ್ಲಿ, ಮೂವತ್ತರಿಂದ ಅರುವತ್ತೈದು ವರ್ಷದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಮಾಡಬೇಕೆಂದಿದೆ.

ಇಲ್ಲಿ ನಾವು ಒಂದು ದುಃಖದ ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಕೂಟದ ಪ್ರಾರ್ಥನೆಯಲ್ಲಿ ಪ್ರತಿ ವರ್ಷವೂ 'ಆಲ್ಟೋ' ಸ್ವರವನ್ನು ಹಾಡುತ್ತಿದ್ದವಳು, ಎದೆಯಲ್ಲಿ ಗಂಟೊಂದನ್ನು ಕಂಡು ಎಂಟು ತಿಂಗಳು ಯಾರಿಗೂ ಹೇಳದೆ ಇದ್ದಳು. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಅಂಜಿಕೆ, ಮಗಳ ಪರೀಕ್ಷೆ ಮುಗಿಯಲೆಂಬ ಯೋಚನೆ. ಕೊನೆಗೆ ನಮ್ಮಲ್ಲಿಗೆ ಬಂದು ಹೇಳಿದಾಗ ನಾವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಕಾಲ ಮೀರಿದ್ದಿತು. ಅವಳಿಗೆ ನಾವು ಶರೀರಶಾಸ್ತ್ರವನ್ನು ಕಲಿಸಿದ್ದೆವು, ಮೂಳೆಗಳ ಹೆಸರುಗಳನ್ನು ಕಂಠಪಾಠ ಮಾಡಿಸಿದ್ದೆವು. ತನ್ನ ದೇಹದಲ್ಲಿ ಕಂಡುದನ್ನು ಬಾಯಿಬಿಟ್ಟು ಹೇಳುವುದು ನಾಚಿಕೆಗೇಡಲ್ಲವೆಂಬುದನ್ನು ಮಾತ್ರ ಕಲಿಸಿರಲಿಲ್ಲ. ಆ ಕೊರತೆಯು ನಮ್ಮದು. ಅದನ್ನು ತುಂಬುವುದಕ್ಕಾಗಿ ಈಗ ಪ್ರತಿ ವರ್ಷವೂ ಮೇಲಿನ ತರಗತಿಗಳ ಮಕ್ಕಳಿಗೂ ಅವರ ತಾಯಂದಿರಿಗೂ ಒಂದು ದಿನ ವೈದ್ಯೆಯೊಬ್ಬರಿಂದ ಈ ವಿಷಯವನ್ನು ಹೇಳಿಸುತ್ತಿರುವೆವು.

ಬಾರ್ಜಿಲೈಯವರ ಜೀವಿತಕಾರ್ಯವೆಲ್ಲವೂ ಒಬ್ಬ ರೋಗಿಯ ಪ್ರಶ್ನೆಯಿಂದ ಹೊಸ ದಾರಿ ಹಿಡಿಯಿತೆಂಬುದನ್ನು ಓದುಗರು ಕಂಡಿರುತ್ತಾರೆ. ಆ ಪ್ರಶ್ನೆಯನ್ನು ಕೇಳುವ ಧೈರ್ಯವೂ, ಉತ್ತರವನ್ನು ತಾನೇ ಹುಡುಕುವ ವಿದ್ಯೆಯೂ ಒಬ್ಬಳಲ್ಲಿಯೇ ಕೂಡಿದ್ದುವು. ಭಾಷೆಯನ್ನು ಕಲಿಯುವಾಗ ಅದು ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುವುದೆಂದು ಅವರು ನೆನೆದಿರಲಿಲ್ಲ. ತಲಾಂತುಗಳ ಸಾಮ್ಯದಲ್ಲಿ ಹೂಳಿಟ್ಟ ತಲಾಂತು ಯಾರಿಗೂ ಉಪಯೋಗವಾಗಲಿಲ್ಲವೆಂಬುದನ್ನು ನಮ್ಮ ಮಕ್ಕಳು ಬಲ್ಲರು. ಯಂತ್ರಗಳಿರುವಲ್ಲಿ ವ್ಯಾಕರಣವೂ ಬೀಜಗಣಿತವೂ ಏಕೆಂದು ಕೇಳಿದ ಪೋಷಕ ಮಹಾಶಯರಿಗೆ ನಮ್ಮ ಉತ್ತರವು ಇದೇ: ಯಂತ್ರಕ್ಕೆ ಪಾಠ ಹೇಳುವವರೂ, ಅದರ ಉತ್ತರವನ್ನು ತಿದ್ದುವವರೂ, ಅದು ಯಾರನ್ನು ಕಾಣದೆ ಬಿಟ್ಟಿದೆಯೆಂದು ಕೇಳುವವರೂ ಬೇಕಾಗಿದ್ದಾರೆ, ಅಂಥವರಲ್ಲಿ ನಿಮ್ಮ ಮಗಳೂ ಒಬ್ಬಳಾಗಲಿ.

ನಮ್ಮ ಪ್ರಿಯ ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಬೇಡಿಕೆ. ನಿಮ್ಮಲ್ಲಿ ಮೂವತ್ತು ದಾಟಿದವರು, ಮುಂದಿನ ಕೂಟಕ್ಕೆ ಬರುವುದರೊಳಗೆ ಒಮ್ಮೆ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬನ್ನಿರಿ. ನಿಮ್ಮ ತಾಯಂದಿರನ್ನೂ ಅತ್ತಿಗೆಯರನ್ನೂ ಮನೆಗೆಲಸಕ್ಕೆ ಬರುವವಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಗಂಟು ಕಂಡರೆ ಅದೇ ವಾರ ಹೇಳಿರಿ. ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಸಾಲಿನಲ್ಲಿ ಇನ್ನೊಂದು ಸ್ಥಾನವು ಬರಿದಾಗದಂತೆ ಕರ್ತನು ನಿಮ್ಮೆಲ್ಲರನ್ನೂ ಕಾಪಾಡಲಿ.